ಅಮೀರ್ ಸಾಬರ ಬಾಜಾದ ಬಾಯಿ

ಫೆಬ್ರುವರಿ 3, ಸೋಮವಾರ

ಈ ಡೈರಿ ಬೇರಿಂಗ್ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟದ್ದು. ಇಷ್ಟು ದಿನ ಇದರಲ್ಲಿ ಬರೀ ಗಿರಾಕಿಗಳ ಕೆಲಸದ ಅಳತೆ ಬರೆಯುತ್ತಿದ್ದೆ. ಇವತ್ತು ಬೇರೇನೋ ಬರೆಯಬೇಕಾಗಿದೆ. ಯಾರಿಗೂ ಹೇಳುವಂಥದ್ದಲ್ಲ.

ಹೋದ ಶುಕ್ರವಾರ ದೇವದುರ್ಗದಿಂದ ಒಬ್ಬ ಮುದುಕ ಬಂದಿದ್ದ. ಅಮೀರ್ ಸಾಬ್ ಅಂತ. ಮದುವೆ ಬ್ಯಾಂಡಿನಲ್ಲಿ ನಲವತ್ತೈದು ವರ್ಷದಿಂದ ದೊಡ್ಡ ಬಾಜಾ ಊದುವವನು. ಎದೆಗೆ ತಬ್ಬಿಕೊಂಡು ಗುಂ ಗುಂ ಅಂತ ಊದುತ್ತಾರಲ್ಲ, ಅದು. ಹಳೆಯ ಬಾಜಾ ಟೆಂಪೋದಿಂದ ಬಿದ್ದು ಚಪ್ಪಟೆಯಾಯಿತಂತೆ. ಬ್ಯಾಂಡಿನವರು ಹೊಸದು ತಂದರು. ಆದರೆ ಅವನ ಹಳೆಯ ಮೌತ್‌ಪೀಸ್, ಅವನು ‘ಬಾಯಿ’ ಅನ್ನುತ್ತಾನೆ, ಹೊಸದರಲ್ಲಿ ಲೊಡಲೊಡ ಆಡುತ್ತದೆ. ಹಳೆ ಕಾಲದ್ದು, ಬಾಜಾದೊಳಗೆ ಕೂರುವ ಬಾಲ ಸಣ್ಣ. ಅವನ ಅಪ್ಪ ಹೈದರಾಬಾದಿನ ಹಳೆ ಸಾಮಾನಿನ ಬಜಾರಿನಲ್ಲಿ ಕೊಂಡದ್ದಂತೆ. ಬೆಳ್ಳಿ ಲೇಪ ಪೂರ್ತಿ ಸವೆದು ಹಿತ್ತಾಳೆ ಕಾಣುತ್ತಿತ್ತು. ಪಕ್ಕದಲ್ಲಿ ಲಂಡನ್ ಎಂಬುದರ ನಾಲ್ಕು ಇಂಗ್ಲಿಷ್ ಅಕ್ಷರ ಮಾತ್ರ ಉಳಿದಿದ್ದವು.

“ಯವ್ವಾ, ಬಾಲಕ್ಕೊಂದು ಬುಷ್ ಹಾಕಿಕೊಡು, ಗಟ್ಟಿ ಕುಂದ್ರಬೇಕು. ಒಳಗ ಮಾತ್ರ ಕೈ ಹಚ್ಚಬ್ಯಾಡ” ಅಂದಿದ್ದ.

ಬುಷ್, ಅಂದರೆ ಬಾಲಕ್ಕೆ ತೊಡಿಸುವ ಹಿತ್ತಾಳೆ ಬಳೆ, ಇವತ್ತು ಬೆಳಿಗ್ಗೆ ಹತ್ತಕ್ಕೇ ಮುಗಿದಿತ್ತು. ಅಷ್ಟರಲ್ಲಿ ಅಂಬರೇಶ ಬಂದ. ಯೂಟ್ಯೂಬಿನಲ್ಲಿ ರಾಯಚೂರು ಸುದ್ದಿ ಹಾಕುವವನು. ಲೇತ್ ನಡೆಸುವ ಹೆಂಗಸು ಅಂತ ನನ್ನ ಮೇಲೆ ವಿಡಿಯೋ ಮಾಡುತ್ತೇನೆಂದು ಒಂದು ವಾರದಿಂದ ಹೇಳುತ್ತಿದ್ದ. ಮಿಷನ್ ಮೇಲೆ ಈ ಮೌತ್‌ಪೀಸ್ ಇತ್ತು. “ಅಕ್ಕಾ, ಹಿತ್ತಾಳಿ ಪುಡಿ ಹಾರಬೇಕ್ರಿ. ಇಲ್ಲಂದ್ರ ಜನ ನೋಡಂಗಿಲ್ಲ” ಅಂದ.

ಬುಷ್ ಮುಗಿದಿದೆ, ಇನ್ನು ಪುಡಿ ಎಲ್ಲಿಂದ? ಒಳಗಿನ ತೂತಿನಲ್ಲಿ ಹಸಿರು ಕಿಲುಬು ಇತ್ತು. ಅದನ್ನು ತೆಗೆದು ತೋರಿಸೋಣ ಅಂತ ಡ್ರಿಲ್ ಬಿಟ್ ಕಟ್ಟಿದೆ. ಹಿತ್ತಾಳೆ ಬಿಟ್ಟನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಮೊದಲು ಬಿಟ್ಟಿನ ಅಂಚನ್ನು ಮೊಂಡು ಮಾಡಿಕೊಳ್ಳಬೇಕು. ಐಟಿಐ ಮೊದಲ ವರ್ಷದ ಪಾಠ. ಅದನ್ನೇ ನಾನು ಫೋನಿನ ಮುಂದೆ ನಗುನಗುತ್ತಾ ವಿವರಿಸುತ್ತಿದ್ದೆ, ಮಾಡಿಕೊಂಡಿರಲಿಲ್ಲ. ಕಿರ್ರ್ ಅಂತು. ಒಳಗಿನ ಗಂಟಲು ಹರಿದು ಬಾಲ ಮುರಿದು ಕೈಗೆ ಬಂತು.

ಅಂಬರೇಶನಿಗೆ ಏನೂ ತಿಳಿಯಲಿಲ್ಲ. “ಸೂಪರ್ ಅಕ್ಕಾ!” ಅಂದು ಹೋದ.

ಫೆಬ್ರುವರಿ 5, ಬುಧವಾರ

ಹೊಸದು ಮಾಡಿದೆ. ಹಿತ್ತಾಳೆ ರಾಡು, ಹೊರಗಿನ ಅಳತೆ ಎಲ್ಲ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ತುಟಿ ಇಡುವ ಒಳಗಿನ ಬಟ್ಟಲನ್ನು ನನ್ನ ಬಳಿ ಇದ್ದ ದುಂಡು ಟೂಲಿನಲ್ಲಿ ಕೊರೆದೆ. ಬಟ್ಟಲು ಬಟ್ಟಲೇ.

ಬುಷ್ಷನ್ನು ಅದಕ್ಕೇ ಕೂರಿಸಿದೆ. ಉಪ್ಪುನೀರು ಹಚ್ಚಿ ಬಿಸಿಲಿಗಿಟ್ಟೆ. ಸಂಜೆಗೆ ಮಬ್ಬಾಗಿತ್ತು. ಆಮೇಲೆ ಅಕ್ಷರದ ಪಂಚು ತೆಗೆದುಕೊಂಡು ಆ ನಾಲ್ಕು ಅಕ್ಷರ ಹೊಡೆದೆ. ಹೊಡೆದು ಎಮರಿ ಹಾಳೆಯಿಂದ ಅರ್ಧ ಅಳಿಸಿದೆ.

ಮುರಿದದ್ದು ಕೈತಪ್ಪು. ಅಕ್ಷರ ಹೊಡೆದದ್ದು? ಇದನ್ನು ಬರೆದು ಹೊಡೆದು ಹಾಕಬೇಕೆನಿಸಿತು. ಇರಲಿ.

ಫೆಬ್ರುವರಿ 6, ಗುರುವಾರ

ಅಮೀರ್ ಸಾಬ್ ಬಂದು ತೆಗೆದುಕೊಂಡು ಹೋದ. ತುಟಿಗಿಟ್ಟು ಅತ್ತಿತ್ತ ಹೊರಳಿಸಿದ. “ಥಣ್ಣಗದ” ಅಂದ, ಅಷ್ಟೆ. ಬಾಜಾ ತಂದಿರಲಿಲ್ಲ, ಊದಿ ನೋಡಲಿಲ್ಲ. ಅಂಗಿಯ ಒಳಜೇಬಿನ ಚೀಲದಲ್ಲಿ ಇಟ್ಟುಕೊಂಡು, “ಛಂದ ಮಾಡಿದಿ ಯವ್ವಾ” ಅಂತ ಬಾರೆಹಣ್ಣಿನ ಪೊಟ್ಟಣ ಕೊಟ್ಟ. ತಮ್ಮ ಹೊಲದ ಬದುವಿನದಂತೆ.

ಹಣ್ಣು ಪಕ್ಕದ ವೆಲ್ಡಿಂಗ್ ಅಂಗಡಿಯವರಿಗೆ ಕೊಟ್ಟೆ.

ಫೆಬ್ರುವರಿ 12, ಬುಧವಾರ

ವಿಡಿಯೋ ಬಂದಿದೆ. ‘ಲೋಹವನ್ನೂ ಹಾಡಿಸುವ ರಾಯಚೂರಿನ ನೇತ್ರಾವತಿ.’ ಬೆಳಿಗ್ಗೆಯಿಂದ ಹತ್ತೊಂಬತ್ತು ಫೋನು. ಐಟಿಐ ಮಾಸ್ತರರೂ ಮಾಡಿದ್ದರು. ನಮ್ಮ ಮನೆಯವರು, ಗುರುಸಿದ್ದ, ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಫಿಟ್ಟರು. ಅಲ್ಲಿ ಎಲ್ಲರಿಗೂ ತೋರಿಸಿ, ಮಿರ್ಚಿ ತಿನ್ನಿಸಿ ಬಂದರು.

ಮುರಿಯುವ ಜಾಗಕ್ಕೆ ಅಂಬರೇಶ ಕೊಳಲಿನ ಸಂಗೀತ ಹಾಕಿದ್ದಾನೆ. ಏನೂ ಕೇಳಿಸುವುದಿಲ್ಲ. ನನ್ನ ಮುಖ ನಗುತ್ತಲೇ ಇದೆ.

ಫೆಬ್ರುವರಿ 20, ಗುರುವಾರ

ಅಲ್ಲಾಉದ್ದೀನ್ ಅಂತ ಒಬ್ಬ ಟೆಂಪೋದ ಶಾಫ್ಟ್ ಹಿಡಿದು ಬಂದ. ಅಮೀರ್ ಸಾಬನ ತಂಗಿಯ ಮಗ, ಬ್ಯಾಂಡ್ ನಡೆಸುವವನು. ನಾನು ಕೇಳದೆ ಇದ್ದರೂ ಹೇಳಿದ.

“ನಮ್ಮ ಮಾಮಾ ಮುಗೀತ್ರಿ ಅಕ್ಕಾರ. ಬಾಜಾ ಹಿಡದ್ರ ಸ್ವರ ಒಡ್ಯಾಕತ್ತದ. ಮೊನ್ನಿ ಮೆರವಣಿಗ್ಯಾಗ ನಡುವ ನಿಂತುಬಿಟ್ಟ. ಜನ ನಕ್ಕರು. ನಮ್ಮ ತಿರುಪತಿ ಡೋಲು ಬಾರಿಸಾವ, ಅವನೂ ನಕ್ಕ.”

“ಹೊಸ ಬಾಜಾ ಸರಿ ಇಲ್ಲೇನೋ” ಅಂದೆ.

“ಬಾಜಾ ಛಲೋ ಅದ್ರಿ. ಅದರ ಕೂಡ ಬಂದ ಬಾಯಿ ಹಾಕಿ ನಾ ಊದಿದ್ರ ಬರ್ತದ. ಮಾಮಾಗ ಹಳೀ ಬಾಯಿನೇ ಬೇಕು. ಅದರಾಗೂ ಬರಂಗಿಲ್ಲ ಅಂದ್ರ ತುಟಿ ಹೋಗ್ಯದ ಅಂತಲ್ಲೇನ್ರಿ? ಈಗ ಕೈಯಾಗ ಗಿಲಕಿ ಕೊಟ್ಟೀವಿ, ಅದನ್ನ ಅಲ್ಲಾಡಿಸಿಕೊಂತ ಬರ್ತಾನ.”

“ವಯಸ್ಸಾತಲ್ರಿ” ಅಂದೆ.

ಹೌದು, ನಾನೇ ಅಂದೆ. ಯಾರೂ ಒತ್ತಾಯ ಮಾಡಿರಲಿಲ್ಲ.

ಫೆಬ್ರುವರಿ 27, ಗುರುವಾರ

ಮುರಿದ ತುಂಡುಗಳನ್ನು ಬಿಸಾಡಬೇಕು ಅಂತ ಮೂರು ಸಲ ಡ್ರಾಯರು ತೆಗೆದೆ. ಆಗಲಿಲ್ಲ. ಒಳಗೆ ಬೆರಳಾಡಿಸಿ ನೋಡಿದೆ. ಹಳೆಯದು ಬಟ್ಟಲಿನಂತೆ ದುಂಡಗಿಲ್ಲ. ಎಣ್ಣೆ ಹೊಯ್ಯುವ ಲಾಳಿಕೆಯಂತೆ ಇಳಿಯುತ್ತಾ ಹೋಗುತ್ತದೆ. ಸ್ವರ ಒಡೆಯುತ್ತಿರುವುದು ಅದಕ್ಕೇ. ನಾನು ನೋಡಿಯೇ ಇರಲಿಲ್ಲ.

ಮಾರ್ಚ್ 8, ಶನಿವಾರ

ಮಹಿಳಾ ಸಂಘದವರ ಸನ್ಮಾನ. ಬೇಡ ಅಂದಿದ್ದೆ, ಗಟ್ಟಿಯಾಗಿ ಅನ್ನಲಿಲ್ಲ. ಹಸಿರು ಇಳಕಲ್ ಸೀರೆ ಉಟ್ಟು ಹೋದೆ.

ಮೊದಲ ಸಾಲಿನಲ್ಲಿ ಅಮೀರ್ ಸಾಬ್ ಕುಳಿತಿದ್ದರು. ವಿಡಿಯೋ ನೋಡಿ ಸಂಘದವರೇ ಕರೆಸಿದ್ದಾರೆ. ಬಿಳಿ ಅಂಗಿ, ಟೋಪಿ. ರಂಜಾನಿನ ರೋಜಾ ಉಪವಾಸ ಇಟ್ಟುಕೊಂಡು, ಮಗಳ ಊರು ಮಸರಕಲ್ಲಿನಿಂದ ಎರಡು ಬಸ್ಸು ಬದಲಿಸಿ ಬಂದಿದ್ದರು. ಬ್ಯಾಂಡ್ ಬಿಟ್ಟು ಮಗಳ ಮನೆ ಸೇರಿ ಹತ್ತು ದಿನವಾಯಿತಂತೆ.

ಶಾಲು ಹೊದಿಸಿದ ಮೇಲೆ ನಿರೂಪಕಿ ಅವರನ್ನು ವೇದಿಕೆಗೆ ಕರೆದು, “ಸಾಬ್ರೇ, ರೋಜಾ ಇರ್ತದ, ಊದಿಸಂಗಿಲ್ಲ. ಎರಡು ಮಾತಾಡ್ರಿ” ಅಂದಳು. ಅವರು ಜೇಬಿನ ಚೀಲದಿಂದ ಆ ಬಾಯಿ ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು.

“ರೋಜಾ ಅಂತಲ್ರಿ ಯವ್ವಾ. ನನ್ನ ತುಟಿ ಹೋಗ್ಯದ. ಈ ಬಾಯಿ ನಮ್ಮಪ್ಪಂದು, ಈ ತಾಯಿ ಛಂದ ಮಾಡಿಕೊಟ್ಟಾಳ, ಇದಕ್ಕೇನೂ ಆಗಿಲ್ಲ. ಊದಾಂವ ಮುಗದ. ಆಕಿ ಕೈಗೆ ಅಲ್ಲಾ ಬರಕತ್ ಕೊಡಲಿ.”

ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಅವರೂ ನನ್ನ ಕಡೆ ತಿರುಗಿ ಚಪ್ಪಾಳೆ ಹೊಡೆದರು.

ನಾನು ಕೈ ಮುಗಿದು ನಿಂತಿದ್ದೆ. ಮೈಕು ಒಂದು ಮಾರು ದೂರದಲ್ಲಿತ್ತು.

ಮಾರ್ಚ್ 9, ಭಾನುವಾರ

ಮೈ ಸರಿ ಇಲ್ಲ ಅಂತ ಮನೆಯವರಿಗೆ ಹೇಳಿ ಮಲಗಿದ್ದೆ. ಮೈ ಸರಿಯೇ ಇದೆ.

ಮಾರ್ಚ್ 12, ಬುಧವಾರ

ಅಂಗಡಿ ಮುಚ್ಚಿ ದೇವದುರ್ಗದ ಬಸ್ಸು ಹತ್ತಿದೆ. ತುಂಡುಗಳು ವ್ಯಾನಿಟಿ ಬ್ಯಾಗಿನಲ್ಲಿದ್ದವು. ನಿಲ್ದಾಣದಲ್ಲಿ ಇಳಿದು ಚಹಾ ಕುಡಿದೆ. ಮಸರಕಲ್ಲಿಗೆ ಹೋಗುವ ಬಸ್ಸು ಬಂತು, ನಿಂತಿತು, ಹೋಯಿತು. ನಾನು ಬಂದ ಬಸ್ಸಿನಲ್ಲೇ ವಾಪಸ್ ಬಂದೆ. ಕಂಡಕ್ಟರ್ ಗುರುತು ಹಿಡಿದು, “ಕೆಲಸ ಆತೇನ್ರಿ ಅಕ್ಕಾರ?” ಅಂದ. ಆತು ಅಂದೆ.

ಮಾರ್ಚ್ 16, ಭಾನುವಾರ

ಹೇಳಿದೆ.

ಮಸರಕಲ್ಲಿನಲ್ಲಿ ಅವರ ಮಗಳು ಮಾಬುಬಿ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು. ಅಮೀರ್ ಸಾಬರು ನೆರಳಿಗೆ ಕುಳಿತು ಹೊರಸಿನ ಮಂಚಕ್ಕೆ ಹಗ್ಗ ಬಿಗಿಯುತ್ತಿದ್ದರು. ನನ್ನನ್ನು ಕಂಡು ಎದ್ದು, “ಬಾ ಯವ್ವಾ, ಬಿಸಿಲಾಗ ಬಂದೀಯಲ್ಲ” ಅಂದರು. ಕೂರುವ ಮೊದಲೇ ಬ್ಯಾಗು ತೆಗೆದು ಎರಡು ತುಂಡುಗಳನ್ನು ಅವರ ಮುಂದೆ ಇಟ್ಟೆ. ಕುಳಿತರೆ ಹೇಳಲಾಗದು ಅಂತ ಗೊತ್ತಿತ್ತು.

ಅವರು ಮೇಲಿನ ತುಂಡನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದರು. ಕಣ್ಣಿಗೆ ಪೊರೆ ಇದೆ, ಕಾಣಲಿಲ್ಲ. ತುಟಿಗಿಟ್ಟರು. ಹಾಗೇ ಕಣ್ಣು ಮುಚ್ಚಿದರು.

“ಇದು ನಂದು.”

“ಹೌದ್ರಿ. ನಿಮ್ಮ ಜೇಬಿನಾಗಿರೋದು ನಾ ಮಾಡಿದ್ದು. ಇದನ್ನ ಮುರಿದೆ. ಹೇಳಲಿಲ್ಲ. ಅಕ್ಷರನೂ ನಾನೇ ಹೊಡದೆ.”

ಮಾಬುಬಿಯ ಕೈ ಮೆಣಸಿನಕಾಯಿ ಮೇಲೆ ನಿಂತಿತು. ಅಮೀರ್ ಸಾಬರು ಜೇಬಿನಿಂದ ನಾನು ಮಾಡಿದ್ದನ್ನು ತೆಗೆದು ಹೊರಸಿನ ಮೇಲೆ ದೂರ ಇಟ್ಟರು.

“ದಿನಾ ಕನ್ನಡಿ ಹಿಡಕೊಂಡು ತುಟಿ ನೋಡಕಂತಿದ್ದೆ ಯವ್ವಾ. ದೇವದುರ್ಗದಾಗ ಡಾಕ್ಟರ್ ಕಡೆ ಹೋಗಿ, ನನ್ನ ಗಾಳಿ ಕಮ್ಮಿ ಆಗ್ಯದೇನು ನೋಡ್ರಿ ಅಂದೆ. ಎಲ್ಲಾ ಛಲೋ ಅದ, ಏನೂ ಆಗಿಲ್ಲ ಅಂದ್ರು. ಅವರನ್ನ ನಂಬಲಿಲ್ಲ. ನಿನ್ನ ನಂಬಿದೆ.”

ನಾನು ಕೆಳಗೆ ಕುಳಿತೆ. ಕಾಲು ಹಿಡಿಯಲು ಹೋದಾಗ ಹಿಂದಕ್ಕೆ ಸರಿದರು.

“ಕಾಲು ಬ್ಯಾಡ. ಕಬ್ಬಿಣದ ಕೆಲಸ, ಮುರೀತದ. ಅವತ್ತ ಹೇಳಿದ್ರ ಬೈತಿದ್ದೆ, ಅತ್ತಿರತಿದ್ದೆ, ಅಷ್ಟ. ನೀ ನನ್ನ ಕೈಲೆ ಚಪ್ಪಾಳಿ ಹೊಡಸಕಂಡಿ.” ಅವರ ದನಿ ಆಗ ಒಡೆಯಿತು. “ಗಿಲಕಿ ಹಿಡಕೊಂಡು ನಡದೀನಿ ನಾನು. ನಾನು!”

ಮಾಬುಬಿ ಒಳಗಿನಿಂದ ಒಂದು ಲೋಟ ನೀರು ತಂದು ನನ್ನ ಮುಂದೆ ಇಟ್ಟಳು. ರೋಜಾ ಇದ್ದ ಹೆಣ್ಣುಮಗಳು. ನನ್ನ ಮುಖ ನೋಡಲಿಲ್ಲ. ಆ ನೀರು ಕುಡಿಯಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ.

ಹೊರಡುವಾಗ, “ನನಗೇನು ಮಾಡು ಅಂತೀರಿ ಕಾಕಾ?” ಅಂದೆ. 

“ನಕ್ಕವರ ಮುಂದ ಹೇಳು. ನನ್ನ ಒಬ್ಬನ ಮುಂದ ಹೇಳಿದ್ರ ಏನು ಬಂತು.”

ಮಾರ್ಚ್ 17, ಸೋಮವಾರ

ಗುರುಸಿದ್ದ ಅವರಿಗೂ ಹೇಳಿದೆ. ರೊಟ್ಟಿ ಮುರಿದದ್ದು ಕೈಯಲ್ಲೇ ಇತ್ತು. “ಅಲ್ಲ, ಯಾರಿಗೂ ಗೊತ್ತಾಗಿದ್ದಿಲ್ಲಲ್ಲ!” ಅಂದರು. ಆಮೇಲೆ, “ಅಂಗಡಿ ಹೆಸರು ಏನಾಗಬೇಕು?”

ನಲವತ್ತು ದಿನ ನಾನೂ ಇದನ್ನೇ ಅಂದುಕೊಂಡಿದ್ದೆ. ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಹೇಸಿಗೆಯಾಯಿತು. ಅವರ ಮೇಲೆ ಸಿಟ್ಟು ಬರಲಿಲ್ಲ.

ಮಾರ್ಚ್ 23, ಭಾನುವಾರ

ದೇವದುರ್ಗ. ಬ್ಯಾಂಡಿನವರ ತಗಡಿನ ಶೆಡ್ಡು. ಗುರುಸಿದ್ದ ಬೈಕಿನಲ್ಲಿ ಕರೆದುಕೊಂಡು ಹೋಗಿ ಹೊರಗೆ ಬೇವಿನ ಗಿಡದಡಿ ನಿಂತರು. ಒಳಗೆ ಬರಲೇನು ಅಂದರು. ಬೇಡ ಅಂದೆ.

ಹನ್ನೊಂದು ಜನ. ಕೆಂಪು ಕೋಟುಗಳು ಗೋಡೆಯ ಮೊಳೆಗಳಿಗೆ ತೂಗಾಡುತ್ತಿದ್ದವು. ಅಮೀರ್ ಸಾಬರು ಬಾಗಿಲ ಪಕ್ಕ ಕುಳಿತಿದ್ದರು, ನನ್ನನ್ನು ನೋಡದೆ. ಹಿಂದಿನ ದಿನ ಮನೆಯಲ್ಲಿ ಮಾತು ಜೋಡಿಸಿಕೊಂಡಿದ್ದೆ. ಒಂದೂ ನೆನಪಾಗಲಿಲ್ಲ. ಹೇಗೆ ಬಂತೋ ಹಾಗೆ ಹೇಳಿದೆ: ವಿಡಿಯೋ, ಡ್ರಿಲ್ಲು, ಹೊಸದು, ಅಕ್ಷರ, ಸನ್ಮಾನ. “ಕಾಕಾನ ತುಟಿಗೆ ಏನೂ ಆಗಿಲ್ಲ” ಅಂದೆ.

ಅಲ್ಲಾಉದ್ದೀನ್ ಮೊದಲು ಮಾತಾಡಿದ. “ಅಕ್ಕಾರ, ನಿಮ್ಮ ಅಂಗಡ್ಯಾಗ ನಿಂತು ನಾ ಹೇಳಿದಾಗ ವಯಸ್ಸಾತು ಅಂದ್ರಿ.”

“ಅಂದೆ.”

“ನಾನೂ ಹೂಂ ಅಂದೆ” ಅಂದ. ಆಮೇಲೆ ಅವನು ಗೋಡೆ ಕಡೆ ತಿರುಗಿ ನಿಂತ.

ಡೋಲಿನ ತಿರುಪತಿ ಎದ್ದು ಬಂದು ಅಮೀರ್ ಸಾಬರ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ. “ಮಾಮಾ, ಮೊದಲ ನಕ್ಕಾವ ನಾನ.” ಅವರು, “ಗೊತ್ತದ ಲೇ” ಅಂದರು. ಎದ್ದು, ತಮ್ಮ ಕೋಟನ್ನು ಮೊಳೆಯಿಂದ ತೆಗೆದು ಧೂಳು ಕೊಡವಿ ಹೆಗಲ ಮೇಲೆ ಹಾಕಿಕೊಂಡು ಹೊರಗೆ ಹೋದರು.

ನಾನು ಹೊರಗೆ ಬಂದು ಬೈಕು ಹತ್ತಿದೆ.

ಮಾರ್ಚ್ 24, ಸೋಮವಾರ

ವಿಡಿಯೋ ತೆಗೆ ಅಂತ ಅಂಬರೇಶನಿಗೆ ಫೋನು ಮಾಡಿದೆ. “ಅಕ್ಕಾ, ನಂದು ಅದೊಂದೇ ನಡದದ್ದು. ಎಂಬತ್ತು ಸಾವಿರ ಮಂದಿ ನೋಡ್ಯಾರ” ಅಂದ. ಕೊನೆಗೆ ನಾನೇ ಅದರ ಕೆಳಗೆ ಬರೆದೆ: ‘ಇದರಲ್ಲಿ ಕಾಣುವ ಮೌತ್‌ಪೀಸನ್ನು ನಾನು ಇದೇ ಹೊತ್ತಿನಲ್ಲಿ ಮುರಿದೆ. ಅದರ ಮಾಲೀಕರಿಗೆ ಸುಳ್ಳು ಹೇಳಿದೆ.’ ಯಾರೋ ಮೂರು ನಗುವ ಮುಖ ಹಾಕಿದ್ದಾರೆ.

ಇವತ್ತು ಇಬ್ಬರು ಗಿರಾಕಿಗಳು ಕೆಲಸ ವಾಪಸ್ ತೆಗೆದುಕೊಂಡು ಹೋದರು.

ಏಪ್ರಿಲ್ 3, ಗುರುವಾರ

ರಂಜಾನ್ ಹಬ್ಬ ಮುಗಿದು ಮೂರು ದಿನ. ಬೆಳಿಗ್ಗೆ ಅಂಗಡಿ ತೆಗೆಯುವಾಗ ಅಮೀರ್ ಸಾಬರು ಬಾಜಾ ತಬ್ಬಿಕೊಂಡು ಮೆಟ್ಟಿಲ ಮೇಲೆ ಕುಳಿತಿದ್ದರು. ಹಳೆಯ ತುಂಡುಗಳನ್ನು ಮೇಜಿನ ಮೇಲೆ ಇಟ್ಟರು.

“ಜೋಡಿಸ್ತೀಯೇನು?”

“ಮೊದಲಿನಂಗ ಆಗ್ತದ ಅಂತ ಹೇಳಾಕ ಆಗಂಗಿಲ್ಲ ಕಾಕಾ.”

“ಈಗ ಖರೇ ಹೇಳಾಕ ಕಲ್ತೀದಿ” ಅಂದರು. ನಗಲಿಲ್ಲ. ಸ್ಟೂಲು ಎಳೆದುಕೊಂಡು ಮಿಷನ್ ಪಕ್ಕ ಕುಳಿತರು.

ಬಾಲವನ್ನು ಬೆಳ್ಳಿ ಬೆಸುಗೆಯಿಂದ ಕೂಡಿಸಿ, ಹೊಸ ಬುಷ್ ಹಾಕಿದೆ. ಹರಿದ ಗಂಟಲಿಗೆ ತೆಳ್ಳನೆಯ ಹಿತ್ತಾಳೆ ಕೊಳವೆ ಸೇರಿಸಿ ಬೆಸೆದೆ. ತೂತು ಎಷ್ಟಿತ್ತೆಂದು ಯಾರಿಗೆ ಗೊತ್ತು? ಸಣ್ಣದಾಗಿ ಕೊರೆದು ಕೊಟ್ಟೆ. ಅವರು ಊದಿ, ಅಲ್ಲ ಅಂತ ತಲೆ ಅಲ್ಲಾಡಿಸಿದರು.

ಏಪ್ರಿಲ್ 5, ಶನಿವಾರ

ಅವರು ದಿನಾ ಬರುತ್ತಾರೆ, ನಾನು ತೂತನ್ನು ಕೂದಲೆಳೆಯಷ್ಟು ಹಿಗ್ಗಿಸಿ ಕೊಡುತ್ತೇನೆ, ಅವರು ಊದಿ ನೋಡುತ್ತಾರೆ. ನಾನು ವರ್ನಿಯರ್ ಹಿಡಿದು ಅಳತೆ ಕೇಳಿದರೆ ಅವರಿಗೆ ರೇಗುತ್ತದೆ. “ಅದನ್ನ ಕೆಳಗಿಡು. ಕಣ್ಣು ಮುಚ್ಚಿ ಕೇಳು.” ಕೇಳಿದೆ. ಎಲ್ಲವೂ ಒಂದೇ ಥರ ಅನಿಸಿತು. ಹಾಗೇ ಹೇಳಿದೆ. “ಕಿವಿಯಾಗಲ್ಲ, ಇಲ್ಲಿ” ಅಂತ ತಮ್ಮ ಎದೆ ಮುಟ್ಟಿ ತೋರಿಸಿದರು.

ಏಪ್ರಿಲ್ 8, ಮಂಗಳವಾರ

ಇಂದು ‘ಗಿಂ’ ಅಂತಿತ್ತು. ‘ಗುಂ’ ಆಗಲಿಲ್ಲ.

ಏಪ್ರಿಲ್ 9, ಬುಧವಾರ

ಹತ್ತಿರ ಬಂತು. ಒಂದು ಸ್ವರ ಮಾತ್ರ ಅಂಚಿಗೆ ನಿಂತು ಜಾರುತ್ತಿತ್ತು. ಅವರು ಹೇಳುವ ಮೊದಲೇ ನನ್ನ ಕೈ ಮಿಷನ್ನಿನ ಕಡೆ ಹೋಯಿತು. ಅವರು ಓರೆಗಣ್ಣಿನಲ್ಲಿ ನೋಡಿದರು.

ಏಪ್ರಿಲ್ 12, ಶನಿವಾರ

ಮಧ್ಯಾಹ್ನ ಊದಿದರು. ಮೇಜಿನ ಮೇಲಿದ್ದ ವಾಷರುಗಳು ಅಲುಗಿದವು. ಪಕ್ಕದ ವೆಲ್ಡಿಂಗ್ ಅಂಗಡಿಯವರು ಕೆಲಸ ಬಿಟ್ಟು ಬಂದು ಬಾಗಿಲಲ್ಲಿ ನಿಂತರು. ಸಾಬರು ಅರ್ಧ ಗಂಟೆ ನಿಲ್ಲಿಸದೆ ಊದಿದರು, ಮುಖವೆಲ್ಲ ಬೆವರು, ಕೆನ್ನೆ ತುಂಬಿ ಕೆಂಪಗಾಗಿತ್ತು.

ಮುಗಿಸಿ, “ಮೊದಲಿನಂಗಿಲ್ಲ” ಅಂದರು.

“ಹೌದ್ರಿ. ಇಲ್ಲ.”

“ಇದಕ್ಕ ನಾನ ಹೊಂದಿಕೊಂತೀನಿ.” ಮೌತ್‌ಪೀಸನ್ನು ಚೀಲಕ್ಕೆ ಹಾಕಿಕೊಂಡರು. ಛಂದ ಮಾಡಿದಿ ಅನ್ನಲಿಲ್ಲ. ಅನ್ನಬಾರದು ಕೂಡ. ಬಸ್ಸಿನ ತನಕ ಬಾಜಾ ಹೊರಲು ಹೋದೆ, ಕೊಡಲಿಲ್ಲ.

ಏಪ್ರಿಲ್ 30, ಬುಧವಾರ

ಇವತ್ತು ಅಕ್ಷಯ ತದಿಗೆ, ಊರೂರಲ್ಲಿ ಮದುವೆ. ಮಾನ್ವಿ ತಾಲೂಕಿನ ಮಲ್ಲಟದಲ್ಲಿ ಅಲ್ಲಾಉದ್ದೀನ್ ಬ್ಯಾಂಡು ಇದೆ ಅಂತ ತಿಳಿದಿತ್ತು. ನನ್ನನ್ನು ಯಾರೂ ಕರೆದಿರಲಿಲ್ಲ. ಮಾನ್ವಿಗೆ ಬಸ್ಸು, ಅಲ್ಲಿಂದ ಆಟೋ.

ಮೆರವಣಿಗೆ ಹೊರಟಾಗ ಬಿಸಿಲು ನೆತ್ತಿಗೆ ಬಂದಿತ್ತು. ಹೆಂಗಸರ ಹಿಂದೆ ಸೆರಗು ತಲೆಗೆ ಹೊದ್ದು ನಡೆದೆ. ಮುಂದೆ ತಿರುಪತಿಯ ಡೋಲು, ಬಲಗಡೆ ಕೊನೆಯಲ್ಲಿ ಕೆಂಪು ಕೋಟಿನ ಅಮೀರ್ ಸಾಬರು. ಗಿಲಕಿ ಇನ್ಯಾರದೋ ಕೈಯಲ್ಲಿತ್ತು. ಮೊದಲ ಹಾಡಿಗೆ ಮದುಮಗನ ಕಡೆಯ ಹುಡುಗರು ಕುಣಿದರು. ಎರಡನೆಯದಕ್ಕೆ ಹೆಂಗಸರೂ ಸೇರಿದರು. ಕಾಲಡಿಯ ಮಣ್ಣೇ ಗುಂ ಗುಂ ಅನ್ನುತ್ತಿತ್ತು. ಅಲ್ಲಾಉದ್ದೀನ್ ಹಿಂದೆ ತಿರುಗಿ ತಿರುಗಿ ಮಾಮಾನನ್ನು ನೋಡುತ್ತಿದ್ದ.

ಮೂರನೆಯ ಹಾಡಿನಲ್ಲಿ, ಎಲ್ಲಕ್ಕಿಂತ ಕೆಳಗಿನ ಸ್ವರಕ್ಕೆ ಇಳಿದಾಗ, ಬರ್ರ್ ಅಂತ ಸಣ್ಣದೊಂದು ಒಡಕು ಬಂತು. ಇನ್ನೊಮ್ಮೆ ಬಂತು. ಸುತ್ತ ಯಾರೂ ಗಮನಿಸಲಿಲ್ಲ, ಕುಣಿತದ ಗದ್ದಲ. ತುಟಿಯದಲ್ಲ ಅದು. ನಾನು ಸೇರಿಸಿದ ಕೊಳವೆ ಸಡಿಲಾಗಿದೆ. ಬಿಸಿಲಿಗೆ ಕಾದು ಅಲುಗಾಡುತ್ತಿದೆ. ಬೆಸುಗೆ ಒಂದು ಕಡೆ ಪೂರ್ತಿ ಹರಿಯುವಂತೆ ಮಾಡಿರಲಿಲ್ಲ ನಾನು.

ಹುಣಸೆಮರದ ಕೆಳಗೆ ಮೆರವಣಿಗೆ ನಿಂತಿತು. ಬ್ಯಾಂಡಿನವರಿಗೆ ಶರಬತ್ತು ಕೊಟ್ಟರು. ನಾನು ಹೆಂಗಸರ ಗುಂಪು ದಾಟಿ ಅವರ ಮುಂದೆ ಹೋಗಿ ನಿಂತೆ. ಅಷ್ಟು ಜನರ ನಡುವೆ ನನ್ನ ಮುಖ ಉರಿಯುತ್ತಿತ್ತು.

“ಕಾಕಾ, ಮೂರನೇ ಹಾಡಿನಾಗ ಕೆಳಗಿನ ಸ್ವರ ಒಡೀತು. ಒಳಗಿನ ಕೊಳವಿ ಸಡಿಲ ಆಗ್ಯದ. ತಪ್ಪು ನಂದು.”

ಅಮೀರ್ ಸಾಬರು ಲೋಟ ಮುಗಿಸಿ ತುಟಿ ಒರೆಸಿಕೊಂಡರು.

“ನನಗೂ ಗೊತ್ತಾತು. ಈ ಸಲ ತುಟಿ ಅಂತ ಅಂದುಕೊಳ್ಳಲಿಲ್ಲ.” ಬಾಜಾ ಎತ್ತಿ ಎದೆಗೆ ಹಚ್ಚಿಕೊಂಡರು. “ಶನಿವಾರ ಬರ್ತೀನಿ. ಅಂಗಡಿ ತೆಗದಿರ್ತೀಯಲ್ಲ?”

“ತೆಗದಿರ್ತೀನ್ರಿ.”

ಡೋಲು ಶುರುವಾಯಿತು. ಅವರು ಸಾಲಿಗೆ ಹೋಗಿ ನಿಂತು ಮತ್ತೆ ಊದತೊಡಗಿದರು. ಒಡಕು ಬಂದ ಕಡೆಯೆಲ್ಲ ಅದನ್ನು ದಾಟಿಕೊಂಡು ಊದುತ್ತಾ ಹೋದರು.